ಬೆಟ್ಟದ ಮೇಲಿನ ಕಲ್ಲಿಗೆ ಹಚ್ಚಿದ ಕುಂಕುಮ

ಹೈದರಾಬಾದಿನ ಕೋಠಿ ಬಜಾರಿನಲ್ಲಿ ಕೊಂಡ ಕುಂಕುಮದ ಪುಟ್ಟ ಡಬ್ಬಿಯೊಂದು ಯಾವಾಗಲೂ ನನ್ನ ಪರ್ಸಿನಲ್ಲಿರುತ್ತಿತ್ತು. ಅಲ್ಲಿನ ಸಾಫ್ಟ್‌ವೇರ್ ಕಂಪನಿಯವರು ನಮ್ಮ ಮನೆಯವರನ್ನು ಮೆಕ್ಸಿಕೋಗೆ ಕಳಿಸಿದಾಗ ಅದೂ ನಮ್ಮ ಜೊತೆ ಬಂತು. ನಮ್ಮ ಓಣಿಯಲ್ಲಿ ಮನೆಗೊಬ್ಬರು ವಿಮಾನ ಹತ್ತುತ್ತಿದ್ದ ಕಾಲ ಅದು.

ಆರು ತಿಂಗಳಾದ ಮೇಲೆ ಒಂದು ಶನಿವಾರ, ಅಲ್ಲಿನ ಆಫೀಸಿನ ಹೆಂಗಸೊಬ್ಬಳು ತನ್ನ ಕಾರಿನಲ್ಲಿ ನಮ್ಮನ್ನು ಬೆಟ್ಟದ ಮೇಲಿನ ಪುರಾತನ ಪೂಜಾಸ್ಥಳಕ್ಕೆ ಕರೆದೊಯ್ದಳು. ಸೋಮವಾರ ಮನೆಯವರು ಆ ದೇಶದಲ್ಲಿ ಕೆಲಸ ಮಾಡುವ ಪರ್ಮಿಟ್ ಮುಂದುವರಿಸಿಕೊಳ್ಳಬೇಕಿತ್ತು. ಅದಾಗದಿದ್ದರೆ ಆ ವಾರವೇ ವಾಪಸು. ಹಾಗೆ ಅರ್ಧಕ್ಕೆ ಮರಳಿದವರ ನೌಕರಿ ಉಳಿಯುವುದಿಲ್ಲವೆಂದು ಕೇಳಿದ್ದೆವು. ಪಾಸ್‌ಪೋರ್ಟುಗಳನ್ನು ಮನೆಯವರು ಎದೆಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು.

ಮೇಲೆ ದೊಡ್ಡ ಅಂಗಳ, ಸುತ್ತ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ದಿಬ್ಬಗಳು, ಒಂದು ಗೋಡೆಗುಂಟ ಕೆತ್ತನೆಯ ಚಪ್ಪಡಿಗಳು. ಅವರಿಬ್ಬರೂ ಮುಂದೆ ಹೋದರು. ನಾನು ಒಂದು ಚಪ್ಪಡಿಯ ಮುಂದೆ ನಿಂತೆ. ಅದರಲ್ಲಿ ಮಂಡಿ ಮಡಚಿ, ಕಣ್ಣು ಮುಚ್ಚಿ, ಬಾಯಿ ತೆರೆದ ಗಂಡಸು. ನಮ್ಮೂರ ಹನುಮಪ್ಪನ ಗುಡಿಯೆದುರಿನ ವೀರಗಲ್ಲು ಕಣ್ಣಿಗೆ ಕಟ್ಟಿತು. ಅದನ್ನು ಸುಮ್ಮನೆ ದಾಟಿ ಹೋಗುವ ರೂಢಿ ನಮ್ಮಲ್ಲಿಲ್ಲ. ಚಪ್ಪಲಿ ಬಿಟ್ಟೆ, ಡಬ್ಬಿ ತೆಗೆದೆ, ಆ ಕೆತ್ತನೆಯ ಹಣೆಗೊಂದು ಬೊಟ್ಟಿಟ್ಟೆ.

ಸೀಟಿ ಕೇಳಿತು. ಕಾವಲುಗಾರ ಕೈಬೀಸುತ್ತ ಓಡಿ ಬರುತ್ತಿದ್ದ. ಗಾಬರಿಯಲ್ಲಿ ಬಾಟಲಿಯ ನೀರು ಸುರಿದು ಸೆರಗಿನಿಂದ ಒರೆಸಿದೆ. ಅದೇ ದೊಡ್ಡ ತಪ್ಪಾಯಿತು. ಬೊಟ್ಟು ಕರಗಿ ಹಣೆಯಿಂದ ಮೂಗಿಗೆ, ಮೂಗಿನಿಂದ ಆ ತೆರೆದ ಬಾಯಿಯೊಳಕ್ಕೆ ಕೆಂಪಗೆ ಇಳಿಯಿತು.

“ಏನ್ ಮಾಡಿದಿ ನೀ?” ಹಿಂದಿರುಗಿ ಬಂದ ಮನೆಯವರು ಕೇಳಿದರು.

“ಕೈ ತಾನ ಹೋತ್ರಿ.”

“ಸೋಮವಾರ ಏನೈತಿ ಅಂತ ಗೊತ್ತೈತಿಲ್ಲ ನಿನಗ?”

ಕಾವಲುಗಾರ ಪಾಸ್‌ಪೋರ್ಟ್ ಎರಡನ್ನೂ ಇಸಿದುಕೊಂಡು, ನಮ್ಮನ್ನು ಬಾಗಿಲ ಬಳಿಯ ಕೋಣೆಯಲ್ಲಿ ಕೂರಿಸಿ, ಮೇಲಧಿಕಾರಿಯನ್ನು ಕರೆಯಲು ಹೋದ. ಅದು ದೇವರಲ್ಲ, ಯುದ್ಧದಲ್ಲಿ ಹಿಡಿದು ಕೊಂದ ಸೆರೆಯಾಳಿನ ಚಿತ್ರವಂತೆ ಎಂದು ಆ ಹೆಂಗಸು ಮೆಲ್ಲಗೆ ಹೇಳಿದಳು. ನನ್ನ ಉಗುರುಗಳ ಸಂದಿನಲ್ಲಿ ಇನ್ನೂ ಕೆಂಪಿತ್ತು. ಕೈಗಳನ್ನು ಸೆರಗಿನಡಿ ಮುಚ್ಚಿಕೊಂಡೆ.

ಅಧಿಕಾರಿ ಬಂದಾಗ ಅವನ ಕೈಯಲ್ಲಿ ಮೆತ್ತನೆಯ ಬ್ರಶ್ಶು, ಅದರ ತುದಿಯೂ ಕೆಂಪು. ಯಾಕೆ ಹಚ್ಚಿದಿರಿ ಎಂದು ಆಕೆಯ ಮೂಲಕ ಕೇಳಿದ.

“ನಮ್ಮ ಕಡೆ ಹೊಡೆದಾಡಿ ಸತ್ತವರಿಗೆ ಕಲ್ಲು ನಿಲ್ಲಸ್ತಾರ್ರಿ. ಹಂಗ ದಾಟಿ ಹೋಗಬಾರದಂತ ಹಚ್ಚಿದೆ,” ಎಂದೆ.

ಮನೆಯವರು ಅದನ್ನು ಇಂಗ್ಲಿಷಿಗೆ ತಂದರು, ಆಕೆ ಅವರ ಭಾಷೆಗೆ. ಎರಡು ಬಾಯಿ ದಾಟುವಷ್ಟರಲ್ಲಿ ನನ್ನ ಮಾತು ಏನಾಗಿ ಹೋಯಿತೋ ಎಂದು ಅಧಿಕಾರಿಯ ಮುಖವನ್ನೇ ನೋಡುತ್ತಿದ್ದೆ. ಆತ ಒಂದು ಪುಸ್ತಕದಲ್ಲಿ ಬರೆದ. ಬಹಳ ಹೊತ್ತು ಬರೆದ. ಆಮೇಲೆ ಪಾಸ್‌ಪೋರ್ಟ್ ಕೊಟ್ಟ. ಬರೆದದ್ದು ಎಲ್ಲಿಗೆ ಹೋಗುತ್ತದೆಂದು ಕೇಳುವ ಧೈರ್ಯ ನಮಗಾರಿಗೂ ಆಗಲಿಲ್ಲ.

ಭಾನುವಾರ ಮಾಡಿದ ಅನ್ನ ಹಾಗೇ ಉಳಿಯಿತು. ಸೋಮವಾರ ಅವರು ಪರ್ಮಿಟ್ ಕಚೇರಿಗೆ ಹೋದ ಮೇಲೆ ಫೋನಿನ ಪಕ್ಕ ಕೂತು ಅದೇ ಅಕ್ಕಿಯನ್ನು ಮೂರು ಸಲ ಆರಿಸಿದೆ. ಮಧ್ಯಾಹ್ನ ಫೋನು ಬಂತು.

“ಪರ್ಮಿಟ್‌ಗೆ ಸಿಕ್ಕಾ ಹೊಡದ್ರು,” ಎಂದರು. ಆಮೇಲೆ, “ಆ ಡಬ್ಬಿ ಎಲ್ಲೈತಿ?”

“ದೇವರ ಮುಂದ ಇಟ್ಟೀನ್ರಿ.”

“ಅಲ್ಲೇ ಇರಲಿ. ಇನ್ನ ಕಲ್ಲು ನೋಡಾಕ ಹೋದ್ರ ನಿನ್ನ ಎರಡೂ ಕೈ ಹಿಡಕೊಂಡ ಹೋಗ್ತೀನಿ.”

ನನಗೆ ನಗು ಬರಲಿಲ್ಲ. ಆ ಕಲ್ಲಿನ ಬಾಯಿಯ ಗೆರೆಯೊಳಗಿನ ಕೆಂಪು ಪೂರ್ತಿ ಹೋಗಲಿಲ್ಲವೆಂದು ಆಫೀಸಿನಾಕೆ ಶನಿವಾರ ಕಾರಿನಲ್ಲಿ ಹೇಳಿದ್ದಳು. ಹೈದರಾಬಾದಿಗೆ ಮರಳಿ ಎಷ್ಟೋ ದಿನಗಳವರೆಗೆ, ಟಪಾಲು ಬಂದರೆ, ಆ ಪುಸ್ತಕದಲ್ಲಿ ಬರೆದದ್ದು ಬೆನ್ನಟ್ಟಿ ಬಂತೇನೋ ಎಂದು, ನಾನು ಮೊದಲು ನೋಡುತ್ತಿದ್ದುದು ಅಂಚೆಚೀಟಿ ಯಾವ ದೇಶದ್ದೆಂದು.