ಹಬ್ಬದ ನೀರು ಇಳಿದ ಟ್ಯಾಂಕು

ಶೇಕಡಾ ಇಪ್ಪತ್ತು ಎಥೆನಾಲ್ ಬೆರೆತ ಪೆಟ್ರೋಲ್ ಎಲ್ಲ ಕಡೆ ಬಂದಿದ್ದ ಕಾಲ. ನಾನು ಆದೋನಿ ಭಾಗದ ಬಂಕುಗಳನ್ನು ನೋಡಿಕೊಳ್ಳುವ ಸೇಲ್ಸ್ ಆಫೀಸರ್, ನಿವೃತ್ತಿಗೆ ಒಂದು ವರ್ಷ ಬಾಕಿ. ಹೊರದೇಶದ ಕಚ್ಚಾತೈಲಕ್ಕೆ ಹೋಗುವ ಹಣ ದೇಶದಲ್ಲೇ ಉಳಿಯಲಿ ಎಂಬುದು ಮೇಲಿನವರ ಲೆಕ್ಕ. ನಮ್ಮ ಪಾಲಿಗೆ ಬಂದದ್ದು ಒಂದೇ ಎಚ್ಚರಿಕೆ: ನೀರು ಸೇರಬಾರದು. ಹಳೆಯ ಪೆಟ್ರೋಲಿನಲ್ಲಿ ನೀರು ತಳದಲ್ಲಿ ಸುಮ್ಮನೆ ಕೂರುತ್ತಿತ್ತು. ಈಗ ಎಥೆನಾಲ್ ಅದರ ಜೊತೆ ಕೆಳಗಿಳಿದು ಪೆಟ್ರೋಲನ್ನೇ ಕೆಡಿಸುತ್ತದೆ. ಟ್ಯಾಂಕಿನೊಳಗೆ ಹನಿ ನೀರೂ ಬೀಳಬಾರದೆಂದು ಊರೂರು ಸುತ್ತಿ ಹೇಳಿದ್ದೆ.

ಆಯುಧಪೂಜೆಯ ಮರುದಿನ ನಂದವರಂ ಹತ್ತಿರದ ಬಂಕಿನಿಂದ ಫೋನ್ ಬಂತು. ಹೋಗಿ ನೋಡಿದರೆ ರಸ್ತೆಯುದ್ದಕ್ಕೂ ಕೆಟ್ಟುನಿಂತ ಬೈಕುಗಳು. ಗಂಡ ತೀರಿಕೊಂಡ ಮೇಲೆ ಬಂಕ್ ನಡೆಸುತ್ತಿದ್ದ ಶರಣಮ್ಮ ಕಂಬಕ್ಕೆ ಒರಗಿ ನಿಂತಿದ್ದರು.

"ನೀರು ಬೆರಸಿ ಮಾರ್ಯಾಳ್ರೀ ಈಕಿ," ಎಂದ ಒಬ್ಬ ಬೈಕಿನವ.

ನೀರು ತಗುಲಿದರೆ ಕೆಂಪಾಗುವ ಪೇಸ್ಟನ್ನು ಅಳತೆಗೋಲಿಗೆ ಹಚ್ಚಿ ಇಳಿಸಿದೆ. ಕೆಂಪಾಯಿತು. ಮಾರಾಟ ನಿಲ್ಲಿಸಿ ಪಂಪುಗಳಿಗೆ ಸೀಲು ಹಾಕಿದೆ. ನನಗೆ ಏನೂ ಅನಿಸಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಮನಸ್ಸೂ ಪೆಟ್ರೋಲಿನ ವಾಸನೆಗೆ ಒಗ್ಗಿದ ಮೂಗಿನಂತಾಗಿತ್ತು.

"ಟ್ಯಾಂಕಿನಾಗ ನೀರು ಹಾಕಬ್ಯಾಡ ಅಂದಿದ್ನಲ್ಲಮ್ಮಾ."

"ಟ್ಯಾಂಕಿನಾಗ ಎಲ್ಲಿ ಹಾಕೀನ್ರಿ ಸರ್? ಮ್ಯಾಲ ಹಾಕೀನಿ. ನಮ್ಮನಿಯವ್ರು ಇದ್ದಾಗಿಂದ ಹಬ್ಬಕ್ಕ ಒಂದ್ ಕೊಡ ಹೊಳಿ ನೀರು ಹಾಕಿ ಮುಚ್ಚಳ ತೊಳದು, ಕುಂಕುಮ ಹಚ್ತೀವ್ರಿ. ನಮ್ಮ ಅನ್ನ ಅಲ್ಲೇ ಐತಲ್ಲ."

ನೆಲದಡಿಯ ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿತ್ತು. ಮುಚ್ಚಳದ ಸುತ್ತಲ ಗುಂಡಿಯಲ್ಲಿ ನಿಂತ ತುಂಗಭದ್ರೆಯ ನೀರು ಅಲ್ಲಿಂದ ಜಿನುಗಿತ್ತು. ಗಂಡನ ಕಾಲದಿಂದಲೂ ಹಾಗೇ ಜಿನುಗಿರಬೇಕು. ಆಗಿನ ಪೆಟ್ರೋಲ್ ತಡೆದುಕೊಂಡಿತ್ತು.

"ಲೈಸೆನ್ಸ್ ಹೋದ್ರ ಹೋಗ್ಲಿ ಸರ್. ನಾ ಕಳ್ಳಿ ಅಲ್ಲ ಅಂತ ಇವರಿಗೆ ಹೇಳ್ರಿ," ಎಂದರು ಶರಣಮ್ಮ.

ಹೇಳಿದೆ. ಎಲ್ಲರೂ ತಲೆದೂಗಿದರು.

ಟ್ಯಾಂಕ್ ಬರಿದು ಮಾಡಿ ಒಣಗಿಸಿ, ರಬ್ಬರ್ ಬದಲಿಸಿ, ಹೊಸ ಲೋಡ್ ಇಳಿಸಿದೆವು. ಲೈಸೆನ್ಸ್ ಉಳಿಯಿತು. ಬಂಕ್ ತೆರೆದ ಬೆಳಿಗ್ಗೆ ಶರಣಮ್ಮ ಎಲ್ಲರೆದುರು ಮೊದಲು ತಮ್ಮ ಸ್ಕೂಟಿಗೇ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ, ಕೆಡುವುದಿಲ್ಲ ಎಂದು ಕಾಣಲಿ ಅಂತ ಎಂಜಿನ್ ಆರಿಸದೆ ರಸ್ತೆಗೆ ಎದುರಾಗಿ ನಿಲ್ಲಿಸಿದರು. ಅಂದು ನೀರು ಬೆರಸಿದಳೆಂದಿದ್ದ ಬೈಕಿನವ ನನ್ನನ್ನು ಕಂಡು ನಿಧಾನಿಸಿದ.

"ನೀವು ಹೇಳಿದ್ದು ಖರೇ ಇರಬೇಕ್ರಿ ಸರ್," ಎಂದು ಮುಂದಿನ ಬಂಕಿಗೆ ಹೋದ.

ನನ್ನ ಜಾಗಕ್ಕೆ ಬಂದ ಹುಡುಗಿಗೆ ಇಷ್ಟೇ ಹೇಳಿಕೊಟ್ಟೆ: ಹೊಸ ಇಂಧನ ತರುವ ಮೊದಲು, ಹಬ್ಬಕ್ಕೆ ಇಲ್ಲಿ ಏನು ಮಾಡುತ್ತೀರಿ ಎಂದು ಕೇಳು. ಮುಂದಿನ ವರ್ಷ, ನಿವೃತ್ತನಾದ ಮೇಲೆ, ಹಬ್ಬದ ಮರುದಿನ ಮಂತ್ರಾಲಯಕ್ಕೆ ಹೋಗುವಾಗ ಆ ಬಂಕಿನಲ್ಲಿ ಕಾರು ನಿಲ್ಲಿಸಿದೆ. ಮುಚ್ಚಳಕ್ಕೆ ನೀರು ಹಾಕದೆ ಬರೀ ಒಣ ಕುಂಕುಮ ಹಚ್ಚಿದ್ದರು. ಪೆಟ್ರೋಲ್ ಹಾಕಿಸುತ್ತಿದ್ದವರೆಲ್ಲ ಹೊರ ಊರಿನ ಯಾತ್ರಿಕರು; ಊರಿನವರ ಬೈಕು ಒಂದೂ ಇರಲಿಲ್ಲ. ಶರಣಮ್ಮನ ಸ್ಕೂಟಿ ಆವತ್ತೂ ಅಲ್ಲೇ ಎದುರಿಗೆ ಸ್ಟಾರ್ಟ್ ಆಗಿ ನಿಂತಿತ್ತು.