ಹುರುಳಿ ಮೇಯ್ದ ಕಾರು

ಗೆಳೆಯರೇ, ಇವತ್ತು ನನ್ನ ಮಾನ ಹಾನಗಲ್ ರಸ್ತೆಯಲ್ಲಿ ಹೋಯಿತು.

ನಮ್ಮ ಅಕ್ಕಿಆಲೂರಲ್ಲಿ ಇರುವುದೇ ಎರಡು ಅಂಬಾಸಿಡರ್. ದನದ ಡಾಕ್ಟರಾದ ನನಗೆ ಮಾತ್ರ ಸ್ಪೋರ್ಟ್ಸ್ ಕಾರಿನ ಹುಚ್ಚು. ಹುಬ್ಬಳ್ಳಿಯ ಏಜೆಂಟ್ ಹೊಸದೊಂದನ್ನು ತಂದಿದ್ದ: ಕೆಂಪು ಬಣ್ಣ, ಎರಡೇ ಬಾಗಿಲು, ನನ್ನ ಕೈಗೆಟಕುವ ಬೆಲೆ. "ದಿನಾ ಹಳ್ಳಿ ತಿರಗಾಕ ಇದ ಬೇಷ್ ಐತ್ರಿ ಸಾಹೇಬ್ರ" ಎಂದ. ಓಡಿಸಿ ನೋಡಲು ಹೊರಟೆ.

ಊರು ದಾಟಿದರೆ ರಸ್ತೆ ತುಂಬ ರೈತರು ಹುರುಳಿ ಬಳ್ಳಿ ಹರವಿದ್ದರು, ಬಸ್ಸು ಲಾರಿ ಹಾಯ್ದು ಕಾಳು ಉದುರಲೆಂದು. ನನ್ನ ಕಾರೋ ನೆಲಕ್ಕೆ ಅಂಟಿದಷ್ಟು ತಗ್ಗು. ಬಳ್ಳಿಯನ್ನೆಲ್ಲ ಹೊಟ್ಟೆಯಡಿ ಎಳೆದುಕೊಂಡು ನಿಂತೇಬಿಟ್ಟಿತು. ಸಿಟ್ಟಿನಲ್ಲಿ ತಲೆ ಹೊರಹಾಕಿ ಕೂಗಿದೆ: "ರಸ್ತಾ ನಿಮ್ಮಪ್ಪನ ಕಣ ಏನ್?"

ಮೊರ ಹಿಡಿದು ಬಂದ ಹೆಂಗಸು ಬಗ್ಗಿ ಕಾರಿನಡಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನೀವೇನ್ರೀ ಡಾಕ್ಟ್ರ? ನಮ್ಮ ಎಮ್ಮಿ ಮೇವು ಮುಟ್ಟವಲ್ದು ಅಂತ ನಿನ್ನೆ ಹೇಳಾಕ ಬಂದಿದ್ನಲ್ರಿ. ಮುಂಜಾನೆ ಬರ್ತೇನಿ ಅಂದಿದ್ರಿ. ಎಮ್ಮಿ ಇನ್ನೂ ಉಪಾಸ ಐತಿ. ನಿಮ್ಮ ಗಾಡಿ ನೋಡ್ರಿ, ಎಷ್ಟು ಚಂದ ಮೇಯಾಕತ್ತೈತಿ!"

ಕಾರಿನ ಗುಂಗಿನಲ್ಲಿ ಅವಳ ಎಮ್ಮೆ ಮರೆತೇಹೋಗಿತ್ತು. ರಸ್ತೆಯಲ್ಲೇ ಅಂಗಾತ ಮಲಗಿ ಬಳ್ಳಿ ಬಿಡಿಸಿಕೊಟ್ಟೆ. ತಲೆ ತಗ್ಗಿಸಿ ಅವಳ ಹಿಂದೆ ನಡೆದೆ. ಔಷಧ ಕುಡಿಸಿದ ಮೇಲೆ, ಸಂಜೆ ಹೊತ್ತಿಗೆ, ಎಮ್ಮೆ ಹುಲ್ಲಿಗೆ ಬಾಯಿ ಹಾಕಿತು.

ಕಾರು ವಾಪಸ್ ಕೊಟ್ಟಾಗ ಏಜೆಂಟ್ ಕೇಳಿದ: "ಗಾಡ್ಯಾಗ ಏನ್ ಐಬು ಕಂಡ್ರಿ ಸಾಹೇಬ್ರ?"

"ಐಬು ಗಾಡ್ಯಾಗ ಇಲ್ಲಪಾ" ಎಂದೆ. "ಆದ್ರ ಎಮ್ಮಿಕಿಂತ ಜಾಸ್ತಿ ತಿಂತೈತಿ."