ಶಹಾಬಾದ ಕಲ್ಲಿನ ಮೇಲೆ ನಿಂಬೆಹಣ್ಣು

ಮನೆ ಬಾಡಿಗೆಗೆ ಕೊಟ್ಟವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ತಿನ್ನುತ್ತಾರೆ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬಂದು ನೋಡಲಿ ಒಮ್ಮೆ. ಬೋರಿನ ಮೋಟರು ವರ್ಷಕ್ಕೊಮ್ಮೆ ಸುಡುತ್ತದೆ. ನಮ್ಮ ಇಂಡಿ ಊರಿನ ಉಪ್ಪುನೀರಿಗೆ ಒಂದು ನಲ್ಲಿ ಎರಡು ವರ್ಷ ಬಾಳಿದರೆ ಪುಣ್ಯ. ಪುರಸಭೆಯ ಕರ, ಸುಣ್ಣಬಣ್ಣ, ಕಟ್ಟಿಕೊಳ್ಳುವ ಸಂಡಾಸ, ಎಲ್ಲಕ್ಕೂ ನನ್ನ ಪೆನ್ಶನ್ನಿಗೇ ಕೈ ಹಾಕಬೇಕು. ಇರುವುದಾದರೂ ಎಷ್ಟು? ನಾನಿರುವ ಮನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಒಂದು ಪಡಸಾಲೆ, ಅಡುಗೆಮನೆ.

ಆ ಮನೆಯನ್ನು ನಾನು ಕಟ್ಟಿಸಿದ್ದೇ ಸಿಟ್ಟಿನಿಂದ. ಪ್ರಾಥಮಿಕ ಶಾಲೆಯ ಟೀಚರಾಗಿ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಎಂದು ವರ್ಗವಾದಲ್ಲೆಲ್ಲ ಬಾಡಿಗೆ ಮನೆ ಹುಡುಕುತ್ತ ತಿರುಗಿದವಳು ನಾನು. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ, ನೀವು ಯಾವ ಮಂದಿ? ಮುಸಲ್ಮಾನರು ಎನ್ನುವ ತನಕ ಖಾಲಿ ಇದ್ದ ಮನೆ, ಅಂದ ಮೇಲೆ ನಿನ್ನೆಯೇ ಯಾರಿಗೋ ಮಾತು ಕೊಟ್ಟ ಮನೆಯಾಗುತ್ತಿತ್ತು. ಸಿಕ್ಕ ಮನೆಯಲ್ಲಾದರೂ ನೆಮ್ಮದಿ ಇತ್ತೇ? ಬಾಗೇವಾಡಿಯ ಮಾಲಕಿ ಹೇಳದೆ ಕೇಳದೆ ನೆಟ್ಟಗೆ ಅಡುಗೆಮನೆಗೆ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ನಾನು ತೊಗರಿಬೇಳೆ ಬೇಯಿಸಿದ ದಿನವೂ ಮೂಗು ಮುಚ್ಚಿಕೊಂಡೇ ಬಂದಳು, ಪುಣ್ಯಾತ್ಮಳು.

ಅದಕ್ಕೇ ಸ್ವಂತ ಮನೆ ಬಾಡಿಗೆಗೆ ಕೊಡುವಾಗ ಎರಡು ಆಣೆ ಮಾಡಿಕೊಂಡೆ. ಯಾರನ್ನೂ ಯಾವ ಮಂದಿ ಎಂದು ಕೇಳುವುದಿಲ್ಲ. ಕೊಟ್ಟ ಮೇಲೆ ಹೊಸ್ತಿಲು ದಾಟುವುದಿಲ್ಲ.

ಮೂರು ವರ್ಷದ ಹಿಂದೆ ಒಂದು ಕುಟುಂಬ ಬಂತು. ಗಂಡ ಹೊರ್ತಿಯ ಕಡೆಗೆ ಟೆಂಪೊ ಓಡಿಸುವವನು, ಹೆಂಡತಿ, ಒಬ್ಬಳೇ ಮಗಳು. ಪ್ರತಿ ತಿಂಗಳು ನಾನು ಹೋಗಿ ಪಾಯರಿಯ ಮೇಲೆ, ಬಾಗಿಲ ಹೊರಗಿನ ಮೆಟ್ಟಿಲ ಮೇಲೆಯೇ, ನಿಲ್ಲುತ್ತಿದ್ದೆ. ಆಕೆ ಬಾಡಿಗೆಯನ್ನೂ, ಹೋದ ವರ್ಷದಿಂದ ಅದರ ಜೊತೆ ಒಂದು ಚೀಲ ನಿಂಬೆಹಣ್ಣನ್ನೂ ಕೈಗಿಟ್ಟು, ಒಳಗೆ ಬಂದು ಚಹಾ ಕುಡಿಯಿರಿ ಎನ್ನುತ್ತಿದ್ದಳು. ನಾನು ಬೇಡವೆಂದು ಪಾಯರಿಯಿಂದಲೇ ತಿರುಗುತ್ತಿದ್ದೆ. ನನ್ನಂಥ ಮಾಲಕಿ ಇಡೀ ತಾಲೂಕಿನಲ್ಲಿ ಇಲ್ಲವೆಂಬ ಜಂಬ ಬೇರೆ. ಆ ನಿಂಬೆಹಣ್ಣಿಗೆ ಉಪ್ಪಿನಕಾಯಿ ಹಾಕಿ ನೆಂಟರಿಗೆಲ್ಲ ಹಂಚಿದೆ. ಅಷ್ಟು ಹಣ್ಣು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಮೋಟರು ಮತ್ತೆ ಸುಟ್ಟಿತು. ರಿಪೇರಿಗೆಂದು ಒಳಗೆ ಹೋದ ಪ್ಲಂಬರ್ ಹೊರಗೆ ಬಂದವನೇ, ಟೀಚರ್, ನಿಮ್ಮ ಪಡಸಾಲೆಯ ಕಲ್ಲು ಹಾಳಾಗಿದೆ, ನೋಡಿದ್ದೀರೋ ಇಲ್ಲವೋ ಅಂದ. ಆಣೆಗೀಣೆ ಮರೆತು ಒಳಗೆ ನುಗ್ಗಿದೆ.

ಪಡಸಾಲೆಯ ತುಂಬ ನಿಂಬೆಹಣ್ಣು. ದಪ್ಪದ್ದು ಒಂದು ಗುಂಪು, ಸಣ್ಣದ್ದು ಒಂದು, ಕೊಳೆತದ್ದು ಮೂಲೆಯಲ್ಲಿ ರಸ ಬಿಟ್ಟುಕೊಂಡು ಬಿದ್ದಿತ್ತು. ಶಹಾಬಾದ ಕಲ್ಲಿಗೆ ಹುಳಿ ಬಿದ್ದರೆ ಮುಗಿಯಿತು, ಸುಣ್ಣದಂತೆ ಕರಗುತ್ತದೆ. ನಾನೇ ಬಿಸಿಲಲ್ಲಿ ನಿಂತು, ಪಾಲಿಶ್ ಮಾಡುವವನಿಗೆ ಚಹಾ ಕೊಟ್ಟು ಕೊಟ್ಟು ಮುಖ ಕಾಣುವಂತೆ ಉಜ್ಜಿಸಿದ ನೆಲ ಬಿಳಿಚಿಕೊಂಡು, ಕಾಲಿಟ್ಟರೆ ತರಿತರಿ ಅನ್ನುತ್ತಿತ್ತು. ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು, ಅದರ ಕೆಳಗೆ ಮಗಳ ಪುಸ್ತಕಗಳು. ಅವನ್ನು ನೋಡಿಯೂ ನೋಡದಂತೆ ನಾನು ಚೀರಾಡಿದೆ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದರು.

ಆಕೆ ವ್ಯಾಪಾರಿಯೊಬ್ಬರ ಹಣ್ಣು ತಂದು ಮನೆಯಲ್ಲಿ ಆರಿಸಿ ಕೊಡುತ್ತಿದ್ದಳಂತೆ. ಹೋದ ವರ್ಷ ನಾನು ಬಾಡಿಗೆ ಏರಿಸಿದ ಮೇಲೆ ಹಿಡಿದ ಕೆಲಸವಂತೆ. ಅದನ್ನು ಕೇಳಿ ನನ್ನ ಪಿತ್ತ ಇನ್ನೂ ನೆತ್ತಿಗೇರಿತು. ನನಗೆ ಖರ್ಚು ಏರಿಲ್ಲವೇ? ತಿಂಗಳೊಳಗೆ ಮನೆ ಬಿಡಿ, ಡಿಪಾಜಿಟ್ಟಿನಲ್ಲಿ ಒಂದು ಪೈಸೆಯೂ ಕೊಡುವುದಿಲ್ಲ ಅಂದೆ.

ಆಕೆ ಇಷ್ಟೇ ಅಂದಳು. "ಮಗಳ ಪಿಯುಸಿ ಪರೀಕ್ಷಾ ಮುಂದಿನ ತಿಂಗಳ ಐತ್ರಿ. ಅದು ಮುಗಿಯೂತನಾ ಇರಾಕ ಬಿಡ್ರಿ, ಟೀಚರ್."

ಬಿಡುವುದಿಲ್ಲ ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು.

ವಾರದ ನಂತರ ಮುಂದಿನ ಓಣಿಯ ಕಿರಾಣಿ ಅಂಗಡಿಗೆ ಹೋದಾಗ ಅಂಗಡಿಯ ಸಾವಕಾರರು ಹತ್ತಿರ ಕರೆದರು. ಅವರದೂ ಮೇಲೊಂದು ಮನೆ ಬಾಡಿಗೆಗಿತ್ತು. ನಿಮ್ಮ ಬಾಡಿಗೆಯವರು ನಮ್ಮ ಮನೆ ಕೇಳಿಕೊಂಡು ಬಂದಿದ್ದರು ಎಂದು ಹೇಳಿ, ದನಿ ಇಳಿಸಿ ಕೇಳಿದರು. "ಅವ್ರು ಯಾವ ಮಂದೀರಿ?"

"ಒಂದ ತಿಂಗಳೂ ಬಾಡಿಗಿ ತಪ್ಪಸದ ಮಂದೀರಿ" ಅಂದೆ.

ಅವರು ನಕ್ಕರು. ತಮಗೂ ಅಂದಾಜು ಇದೆಯೆಂದೂ, ಮನೆ ಬೇರೆಯವರಿಗೆ ಕೊಟ್ಟಾಗಿದೆ ಎಂದು ಹೇಳಿ ಸಾಗಹಾಕಿದ್ದಾಗಿಯೂ ಹೇಳಿದರು. ಇದು ನಾಲ್ಕನೆಯ ಮನೆಯಂತೆ, ಊರೆಲ್ಲ ಅಡ್ಡಾಡುತ್ತಿದ್ದಾರಂತೆ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಅವರ ತಲೆಯ ಮೇಲೆಯೇ ತೂಗುತ್ತಿತ್ತು. ಅದನ್ನು ಕಿತ್ತು ಅವರ ಕೈಗೇ ಕೊಡಬೇಕೆನ್ನುವಷ್ಟು ಸಿಟ್ಟು ಬಂತು. ಆದರೆ ನನ್ನ ಬಾಡಿಗೆಯವರನ್ನು ಆ ಅಂಗಡಿಯ ಮೆಟ್ಟಿಲಿಗೆ ಕಳಿಸಿದವಳು ಯಾರು? ಸಕ್ಕರೆ ಕೊಳ್ಳಲು ಹೋದವಳು ಬರಿಗೈಯಲ್ಲಿ ಹಿಂದಿನ ಓಣಿಗೆ ನಡೆದೆ.

ಆಕೆ ಬಾಗಿಲು ತೆರೆದಳು. ಪಡಸಾಲೆಯಲ್ಲಿ ಒಂದು ನಿಂಬೆಹಣ್ಣೂ ಇರಲಿಲ್ಲ. ಹಣ್ಣನ್ನು ನನ್ನ ಮನೆಯ ಅಂಗಳದಲ್ಲಿ ತಾಡಪತ್ರಿ ಹಾಸಿ ಆರಿಸಿಕೋ, ಪರೀಕ್ಷೆ ಮುಗಿದ ಮೇಲೂ ಎಲ್ಲಿಗೂ ಹೋಗಬೇಡಿ ಅಂದೆ. ನನ್ನ ದನಿ ಇನ್ನೂ ಬಿರುಸಾಗಿಯೇ ಇತ್ತು. ಆಕೆಗೆ ಹಿಗ್ಗೇನೂ ಆಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅಂದಳು.

"ಮೂರ ವರ್ಷ ಚಾ ಕುಡೀರಿ ಅಂತ ಕರದ್ನಿ. ನೀವು ಒಳಗ ಬರಲಿಲ್ಲ. ನಾವು ಎಂಥಾ ಮಂದಿ ಅಂತ ನಿಮಗ ಗೊತ್ತಾಗೇತಿ, ಅದಕ್ಕ ನಮ್ಮ ಮನಿ ಚಾ ಒಲ್ಲರಿ ಅಂತ ತಿಳಕೊಂಡಿದ್ವಿ. ಒಮ್ಮಿ ಬಂದಿದ್ರ ಹಣ್ಣಿನ ಮಾತು ಅವತ್ತ ಹೇಳತಿದ್ನಿ."

ನಾನು ಪಾಯರಿಯ ಮೇಲೆಯೇ ನಿಂತಿದ್ದೆ. ಹಾಗಲ್ಲ ತಾಯಿ, ನನ್ನ ಆಣೆ ಬೇರೆ ಇತ್ತು ಎಂದು ಹೇಳಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಹೇಳಲಿ? ಮೂರು ವರ್ಷದಲ್ಲಿ ನಾನು ಆ ಮನೆಯೊಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಕಲ್ಲು ನೋಡಲಿಕ್ಕೆ.